ಆ ಅಜ್ಜಿ ಯಾಕೆ ಬರುತ್ತಿಲ್ಲ?

ಲಿಂಗರಾಜಪುರದ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಗಂಡ ಹೆಂಡತಿ ಇಬ್ಬರೂ ತಮ್ಮ ಚರ್ಚಿನಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಎಂಬ ಕ್ಯಾಥೊಲಿಕ್ ಸಂಘದ ಸದಸ್ಯರು. ತಿಂಗಳ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಹನ್ನೊಂದು ಬಡ ಕುಟುಂಬಗಳಿಗೆ ದಿನಸಿ ಕೊಡುತ್ತಾರೆ. ಚೀಲ ಹಿಡಿದವರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು ಗಂಡನ ಕೆಲಸ. ಹೆಂಡತಿಗೆ ಅದು ಸಹಿಸದು. ಮನೆಯಲ್ಲಿ ಮಾತು ನಿಂತಿದೆ. ‘ಸಭೆ ಬಿಟ್ಟುಬಿಡಲೇ?’ ಎಂದು ಕೇಳಿದ್ದಾರೆ.

ತಾಯಿ, ನಿಮ್ಮ ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ: ‘ಒಬ್ಬ ಅಜ್ಜಿ ಎರಡು ತಿಂಗಳಿಂದ ಬಂದಿಲ್ಲ, ಊರಿಗೆ ಹೋಗಿರಬೇಕು.’ ಎಪ್ಪತ್ತು ದಾಟಿದವರು, ಒಂಟಿ, ಮೊನ್ನೆಮೊನ್ನೆಯವರೆಗೂ ಮನೆಗೆಲಸ ಮಾಡಿ ಬದುಕಿದವರು ಎಂದು ನೀವೇ ತಿಳಿಸಿದ್ದೀರಿ. ಅವರು ಪಾತ್ರೆ ತೊಳೆದ ಮನೆಯವರೂ ಆ ವಾಟ್ಸಾಪ್ ಗುಂಪಿನಲ್ಲಿ ಇರಬಹುದಲ್ಲವೇ? ಜಗಳಕ್ಕೆ ನಾಲ್ಕು ಪುಟ, ಅಜ್ಜಿಗೆ ಒಂದು ಸಾಲು. ಓದಿ ನನಗೆ ಸಂಕಟವಾಯಿತು.

ನಿಮ್ಮ ಗಂಡನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಲೆಕ್ಕ ಒಪ್ಪಿಸಬೇಕಾದವರು ಅವರು. ‘ಫೋಟೊ ಬಂದರೇನೇ ಮುಂದಿನ ತಿಂಗಳ ದುಡ್ಡು’ ಅನ್ನುತ್ತಾರೆಂದು ನೀವು ಬರೆದಿರುವ ಆ ದಾನಿಯದೇ ತಪ್ಪು. ಲೆಕ್ಕಕ್ಕೆ ಮುಖ ಬೇಕಿಲ್ಲ. ರಿಜಿಸ್ಟರಿನಲ್ಲಿ ಕುಟುಂಬಕ್ಕೊಂದು ಸಂಖ್ಯೆ, ತಾರೀಖು, ಕೊಟ್ಟ ಸಾಮಾನು, ಮನೆಗೆ ಹೋಗಿ ಕೊಟ್ಟು ಬಂದ ಇಬ್ಬರು ಸದಸ್ಯರ ಸಹಿ, ಜೊತೆಗೆ ಅಂಗಡಿ ಬಿಲ್ಲು ಇದ್ದರೆ ಸಾಕು. ಹೆಸರಿನ ಪಟ್ಟಿ ಅಧ್ಯಕ್ಷರ ಬೀರುವಿನಲ್ಲಿರಲಿ. ಇದಕ್ಕೆ ಒಪ್ಪದ ಹಣ ನಿಮಗೆ ಬೇಡ.

1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಈ ಸಭೆ ಕಟ್ಟಿದಾಗ ಫ್ರೆಡ್ರಿಕ್ ಓಜಾನಂಗೆ 20 ವರ್ಷ. ಬಡವರ ಕೇರಿಯಲ್ಲೇ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರೆಂದು ತೋರಿಸಿದ ಮನೆಗಳಿಗೆ ಆ ಹುಡುಗರು ತಾವೇ ನಡೆದು ಹೋದರು. ಯಾರನ್ನೂ ಚರ್ಚಿನ ಬಾಗಿಲಿಗೆ ಕರೆಸಲಿಲ್ಲ. ಇಬ್ಬಿಬ್ಬರಾಗಿ ಮನೆ ಭೇಟಿ ಇಂದಿಗೂ ಸಭೆಯ ಮುಖ್ಯ ಕೆಲಸ. ಸದಸ್ಯರು ಕೂಡಿದಾಗ ಕೈಯಿಂದ ಕೈಗೆ ಸುತ್ತುವ ಗುಪ್ತ ಕಾಣಿಕೆಯಲ್ಲಿ ಯಾರು ಎಷ್ಟು ಹಾಕಿದರೆಂದು ಪಕ್ಕದವರಿಗೂ ತಿಳಿಯದು. ಕೊಡುವವರ ಕೈಯನ್ನೇ ಮರೆಮಾಡುವಲ್ಲಿ ಪಡೆಯುವವರ ಮುಖ ಬಯಲಿಗಿಡುವುದು ಯಾವ ನ್ಯಾಯ?

ಮನೆ ನೋಡದೆ ಚೀಲ ಕಟ್ಟಿದರೆ ಸಾಮಾನೂ ದಂಡ. ಪಡಿತರ ಅಕ್ಕಿ ಬರುವ ಒಂಟಿ ಜೀವಕ್ಕೆ ಮತ್ತೆ ಹತ್ತು ಕೆಜಿ ಅಕ್ಕಿ ಕೊಟ್ಟರೆ ಹುಳ ಬೀಳುತ್ತದೆ. ಗ್ಯಾಸ್ ಮುಗಿದ ಮನೆಯಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಬೇಕಾಗಿರುವುದು ಬಿಪಿ ಮಾತ್ರೆ ಇರಬಹುದು; ಜನೌಷಧಿ ಅಂಗಡಿಯಲ್ಲಿ ಅದು ಅಗ್ಗ. ಪಾತ್ರೆ ತಿಕ್ಕಿ ಸವೆದ ಬೆರಳನ್ನು ಪಡಿತರ ಅಂಗಡಿಯ ಯಂತ್ರ ಗುರುತಿಸದೆ ವಾಪಸ್ ಕಳಿಸಿರಬಹುದು. 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿಯನ್ನೇ ಹಾಕಿರದಿದ್ದರೆ, ನಾಡಕಚೇರಿಗೆ ಜೊತೆಗೆ ಹೋಗುವವರು ಬೇಕು. ಇದ್ಯಾವುದೂ ಫೋಟೊದಲ್ಲಿ ಕಾಣಿಸದು.

ಸಭೆ ಬಿಡುವ ಮಾತು ಆಮೇಲೆ. ಈ ಮಂಗಳವಾರ ಸಂಜೆ ಗಂಡನನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋಗಿ. ಚೀಲ ಬೇಡ. ಫೋನ್ ಮನೆಯಲ್ಲೇ ಇರಲಿ. ಯಾಕೆ ಬರಲಿಲ್ಲ ಎಂದು ಕೇಳಬೇಡಿ. ಚಾಪೆ ಹಾಸಿದರೆ ಕೂತುಕೊಳ್ಳಿ, ಕಾಫಿ ಕೊಟ್ಟರೆ ಬೇಡವೆನ್ನದೆ ಕುಡಿಯಿರಿ, ಅವರಾಗಿ ಮಾತು ತೆಗೆಯುವವರೆಗೆ ಕಾಯಿರಿ. ಬಾಗಿಲಿಗೆ ಬೀಗ ಬಿದ್ದಿದ್ದರೆ ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸದೆ ಹಿಂದಿರುಗಬೇಡಿ.