5ಎಸ್ ಮಾಡಿದ್ರೂ ಪ್ರೆಸ್ ಶಾಪಲ್ಲಿ ಕೈಗೆ ಏಟಾಗೋದು ಯಾಕೆ ನಿಲ್ತಿಲ್ಲ
ಸರ್, 5ಎಸ್ (ಶಾಪನ್ನ ಚೊಕ್ಕವಾಗಿ, ಅಚ್ಚುಕಟ್ಟಾಗಿ ಇಡೋ ಜಪಾನಿ ಪದ್ಧತಿ) ಶುರು ಮಾಡಿ ಆರು ತಿಂಗಳಾದ್ರೂ ಪವರ್ ಪ್ರೆಸ್ (ತಗಡು ಒತ್ತಿ ಪೀಸ್ ಮಾಡೋ ಮಷೀನ್) ಹತ್ರ ಕೈಗೆ ಏಟಾಗೋದು ನಿಂತಿಲ್ಲ ಅಂದ್ರಲ್ಲ, ನೆಲ ಗುಡಿಸಿ ಹಳದಿ ಗೆರೆ ಎಳೆದ್ರೆ ಜಾರೋದು ಎಡವೋದು ಕಮ್ಮಿ ಆಗುತ್ತೆ ನಿಜ, ಆದ್ರೆ ಡೈ (ಪೀಸಿಗೆ ಆಕಾರ ಕೊಡೋ ಅಚ್ಚು) ಒಳಗೆ ಕೈ ಹೋಗೋದನ್ನ ಅದು ತಡೆಯಲ್ಲ. ಮೊದ್ಲು ಒಂದು ಗಂಟೆ ಪ್ರೆಸ್ ಪಕ್ಕ ನಿಂತು ಸುಮ್ನೆ ನೋಡಿ, ಯಾರನ್ನೂ ಬೈಬೇಡಿ. ನಾನು ಹಂಗೆ ನಿಂತಾಗ ಕಂಡಿದ್ದು ಏನಂದ್ರೆ, ಪೀಸ್ ಡೈಗೆ ಅಂಟ್ಕೊಳ್ತಿತ್ತು, ಹುಡುಗ ಪ್ರತಿ ಸಲ ಬೆರಳಲ್ಲೇ ಕೀಳ್ತಿದ್ದ, ಎರಡು ಕೈಯಲ್ಲಿ ಒತ್ಬೇಕಾದ ಬಟನ್‌ಗಳಲ್ಲಿ ಒಂದು ಒತ್ಕೊಂಡೇ ಇರ್ಲಿ ಅಂತ ಅದಕ್ಕೆ ಮರದ ಚಕ್ಕೆ ಸಿಕ್ಕಿಸಿದ್ದ. ಯಾಕೆ ಯಾಕೆ ಅಂತ ಕೇಳ್ತಾ ಹೋದ್ರೆ ಪೀಸನ್ನ ಡೈಯಿಂದ ಹೊರಗೆ ತಳ್ಳೋ ಎಜೆಕ್ಟರ್ ಸ್ಪ್ರಿಂಗ್ ಸೋತೋಗಿತ್ತು, ಸ್ಟೋರಲ್ಲಿ ಸ್ಪೇರ್ ಇರ್ಲಿಲ್ಲ, ಟಾರ್ಗೆಟ್ ಮಾತ್ರ ಅಷ್ಟೇ ಇತ್ತು. ತಪ್ಪು ಹುಡುಗಂದು ಅಂತ ಹೆಂಗ್ ಹೇಳೋದು?

ಸ್ಪ್ರಿಂಗ್ ಹಾಕ್ಸಿ, ಪ್ರತಿ ಸ್ಟ್ರೋಕ್‌ಗೂ (ಪ್ರೆಸ್ ಒಂದ್ಸಲ ಇಳಿದು ಏಳೋದಕ್ಕೂ) ಎರಡೂ ಬಟನ್ ಬಿಟ್ಟು ಮತ್ತೆ ಒತ್ತಿದ್ರೇನೆ ಓಡೋ ಥರ ವೈರಿಂಗ್ ಮಾಡ್ಸಿ, ಪೋಕಾ ಯೋಕೆ, ಅಂದ್ರೆ ತಪ್ಪು ಮಾಡೋಕೇ ಆಗದಂಗೆ ಮಾಡೋದು, ಅನ್ನೋದು ಇದನ್ನೇ. ಹಳೇ ಪಿನ್ ಕ್ಲಚ್ ಪ್ರೆಸ್ (ಒಂದ್ಸಲ ಶುರುವಾದ್ರೆ ಪೂರ್ತಿ ಸುತ್ತು ಮುಗಿಸೋ ಥರದ್ದು) ಆದ್ರೆ ಲೈಟ್ ಕರ್ಟನ್‌ಗೆ (ಕೈ ಅಡ್ಡ ಬಂದ್ರೆ ಮಷೀನ್ ನಿಲ್ಸೋ ಬೆಳಕಿನ ಪರದೆಗೆ) ದುಡ್ಡು ಸುರೀಬೇಡಿ, ಆ ಪ್ರೆಸ್ ಸ್ಟ್ರೋಕ್ ಮಧ್ಯೆ ನಿಲ್ಲಲ್ಲ, ಕೈ ತೂರದಂಗೆ ಗಾರ್ಡೇ ಬೇಕು. ಆಮೇಲೆ ಟೊಯೋಟಾದಲ್ಲಿ ಹಗ್ಗ ಎಳೆದೋ ಬಟನ್ ಒತ್ತಿಯೋ ಲೈನ್ ನಿಲ್ಸೋ ಹಕ್ಕು ಕೆಲಸಗಾರನಿಗೇ ಇರುತ್ತಲ್ಲ, ನಿಮ್ಮ ಆಪರೇಟರ್‌ಗೂ ಅದನ್ನ ಕೊಡಿ, ನಿಲ್ಸಿದ್ದಕ್ಕೆ ಸಂಬಳ ಕಟ್ ಮಾಡ್ಬೇಡಿ.