ದಾರಿ ಕೇಳಿ: ಪೆರ್ಲದಿಂದ ಕಾಶಿಗೆ ಕಾರಿನಲ್ಲಿ

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ಅಪ್ಪನಿಗೆ 76, ಅಮ್ಮನಿಗೆ 71. ಕಾಶಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟು ಮೂರು ವರ್ಷ ಆಯಿತು. ರೈಲು ಅಂದ್ರೆ ಅಮ್ಮನಿಗೆ ಭಯ. ಪ್ಲಾಟ್‌ಫಾರ್ಮಿನ ಮೆಟ್ಟಿಲು ಹತ್ತಿ ಇಳಿಯಲು ಮೊಣಕಾಲು ಬಿಡುವುದಿಲ್ಲ. ಹಾಗಾಗಿ ನಮ್ಮ ಎರ್ಟಿಗಾದಲ್ಲೇ ಹೊರಡುವುದು ಅಂತ ತೀರ್ಮಾನ ಮಾಡಿದ್ದೇವೆ. ಓಡಿಸುವವರು ನಾನು ಮತ್ತು ನನ್ನ ತಮ್ಮ. ತಮ್ಮ ಬೆಂಗಳೂರು, ಹೈದರಾಬಾದ್ ಮೇಲೆ ಹೋಗೋಣ ಅಂತಾನೆ. ಭಾವ ಮುಂಬೈ ಮೇಲೆ ಹೋಗಿ ಅಂತಾರೆ. ಫೋನಿನ ಮ್ಯಾಪು ದಿನಕ್ಕೊಂದು ದಾರಿ ತೋರಿಸುತ್ತದೆ. ಡಿಸೆಂಬರ್ ಕೊನೆಗೆ ಮಕ್ಕಳಿಗೆ ರಜೆ, ಆಗ ಹೊರಡುವ ಆಸೆ. ಯಾವ ದಾರಿ ಒಳ್ಳೇದು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮ್ಮನ ಮೊಣಕಾಲು ಮತ್ತು ಡಿಸೆಂಬರ್ ಕೊನೆ, ಇವೆರಡೇ ನಿಮ್ಮ ದಾರಿಯನ್ನು ಅರ್ಧ ತೀರ್ಮಾನ ಮಾಡಿಬಿಟ್ಟಿವೆ.

ನಾನು 22 ವರ್ಷ ನ್ಯಾಷನಲ್ ಪರ್ಮಿಟ್ ಲಾರಿ ಓಡಿಸಿದವನು. ಬದಿಯಡ್ಕ, ನೀರ್ಚಾಲು ಕಡೆಯ ಚಾಲಿ ಅಡಿಕೆ ತುಂಬಿಕೊಂಡು ನಾಗಪುರ, ಕಾನ್ಪುರಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲ ವರ್ಷ ನನ್ನ ಜೊತೆ ಇದ್ದ ಹಿರಿಯ ಡ್ರೈವರ್ ಒಬ್ಬರು ಪ್ರತಿ ಟ್ರಿಪ್ಪಿಗೂ ಮೊದಲು ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು. ಕತ್ತಲಾಗುವಾಗ ನೀನು ಯಾವ ಊರಲ್ಲಿರ್ತಿ? ಅದನ್ನು ಬಾಡಿಗೆ ಚೀಟಿಯ ಹಿಂಬದಿಯಲ್ಲಿ ಬರೆದ ಮೇಲೆಯೇ ಗಾಡಿ ಸ್ಟಾರ್ಟ್. ನೀವೂ ಹಾಗೇ ಮಾಡಿ. ಮೊದಲು ರಾತ್ರಿ ತಂಗುವ ಊರುಗಳನ್ನು ಬರೆಯಿರಿ. ಆ ಊರುಗಳನ್ನು ಜೋಡಿಸುವ ರಸ್ತೆ ಯಾವುದೋ ಅದೇ ನಿಮ್ಮ ದಾರಿ.

ಮುಂಬೈ ದಾರಿ ಬಿಟ್ಟುಬಿಡಿ. ಭಾವ ಹೇಳಿದ್ದು ಒಳ್ಳೇ ಮನಸ್ಸಿನಿಂದಲೇ. ಆದರೆ ನಿಮಗೆ ಅದು 300 ಕಿ.ಮೀ.ಗಿಂತ ಜಾಸ್ತಿ ಸುತ್ತು. ಕೊಂಕಣದಲ್ಲಿ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ಎಳೆದಿದೆ, ಮೇಲಿಂದ ಪನ್ವೇಲ್ ಸುತ್ತಿನ ಟ್ರಾಫಿಕ್ಕು ಬೇರೆ.

ತಮ್ಮ ಹೇಳುವ ಬೆಂಗಳೂರು ದಾರಿ ಕೆಟ್ಟದ್ದಲ್ಲ. ಶಿರಾಡಿ ಹತ್ತಿ ಹಾಸನ, ಬೆಂಗಳೂರು, ಅಲ್ಲಿಂದ 44ನೇ ಹೆದ್ದಾರಿಯಲ್ಲಿ ಅನಂತಪುರ, ಕರ್ನೂಲು, ಹೈದರಾಬಾದ್, ಆದಿಲಾಬಾದ್, ನಾಗಪುರ. ರಸ್ತೆ ಅಗಲ, ಆಸ್ಪತ್ರೆ ಹೋಟೆಲುಗಳಿಗೆ ಬರ ಇಲ್ಲ. ಆದರೆ ನಾಗಪುರ ಮುಟ್ಟುವಾಗ ಸುಮಾರು 1,450 ಕಿ.ಮೀ. ಆಗುತ್ತದೆ. ಬೆಂಗಳೂರು, ಹೈದರಾಬಾದ್ ಎರಡೂ ಊರುಗಳ ಸುತ್ತಿನಲ್ಲಿ ಅರ್ಧರ್ಧ ದಿನ ಹೋದರೂ ಹೋಯಿತು.

ನಾನು ಹೇಳುವುದು ಅಂಕೋಲಾ ದಾರಿ. ಪೆರ್ಲದಿಂದ ಅಡ್ಯನಡ್ಕ, ವಿಟ್ಲ, ಕಲ್ಲಡ್ಕ, ಮಂಗಳೂರು. ಅಲ್ಲಿಂದ 66ನೇ ಹೆದ್ದಾರಿಯಲ್ಲಿ ಕುಂದಾಪುರ, ಭಟ್ಕಳ, ಅಂಕೋಲಾ. ಅಂಕೋಲಾದಲ್ಲಿ ಬಲಕ್ಕೆ ತಿರುಗಿದರೆ 52ನೇ ಹೆದ್ದಾರಿ. ಅದು ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ ದಾಟಿ ಪಂಜಾಬಿನ ಸಂಗ್ರೂರಿನ ವರೆಗೆ ಹೋಗುತ್ತದೆ. ನೀವು ಅದನ್ನು ಸೊಲ್ಲಾಪುರದ ವರೆಗೆ ಹಿಡಿದರೆ ಸಾಕು. ಮುಂದೆ ತುಳಜಾಪುರದಿಂದ 361ನೇ ಹೆದ್ದಾರಿ: ಲಾತೂರ್, ನಾಂದೇಡ್, ಯವತ್ಮಾಳ್, ವರ್ಧಾ, ನಾಗಪುರ. ಈ ದಾರಿಯಲ್ಲಿ ನಾಗಪುರಕ್ಕೆ ಸುಮಾರು 1,300 ಕಿ.ಮೀ.

ಕಿಲೋಮೀಟರ್ ಉಳಿಯುತ್ತದೆ ಅಂತ ಮಾತ್ರ ಇದನ್ನು ಹೇಳುತ್ತಿಲ್ಲ. ಮೊದಲ ಎರಡು ದಿನ ನೀವು ಕನ್ನಡ ನೆಲದಲ್ಲೇ ಇರುತ್ತೀರಿ. ಸೊಲ್ಲಾಪುರದಲ್ಲೂ ಕನ್ನಡ ಮಾತಾಡುವವರು ಬೇಕಾದಷ್ಟು ಸಿಗುತ್ತಾರೆ. ವಯಸ್ಸಾದವರು ಮನೆ ಬಿಟ್ಟ ಮೊದಲ ಎರಡು ದಿನ ತಾವೇ ಮಾತಾಡಿ ಬಿಸಿನೀರು ಕೇಳುವ ಹಾಗಿದ್ದರೆ, ಮುಂದಿನ ಐದು ದಿನಕ್ಕೆ ಅವರಿಗೆ ಧೈರ್ಯ ಬರುತ್ತದೆ. ಊಟವೂ ಅಷ್ಟೇ. ಮೂರನೇ ದಿನ ರೊಟ್ಟಿ, ದಾಲ್ ಶುರುವಾಗುವಾಗ ಹೊಟ್ಟೆ ಪ್ರಯಾಣಕ್ಕೆ ಒಗ್ಗಿರುತ್ತದೆ.

ಈಗ ರಾತ್ರಿ ಊರುಗಳು. ಮೊದಲ ರಾತ್ರಿ ಹುಬ್ಬಳ್ಳಿ, ಸುಮಾರು 420 ಕಿ.ಮೀ. ಏಳು ದಿನದಲ್ಲಿ ಅತಿ ಉದ್ದದ ದಿನ ಇದೇ. ಬೆಳಗ್ಗೆ 5ಕ್ಕೆ ಮನೆ ಬಿಡಿ. ಅಂಕೋಲಾ ದಾಟಿದ ಮೇಲೆ ಅರಬೈಲ್ ಘಾಟಿ ಹಗಲಿನಲ್ಲೇ ಹತ್ತಿ ಮುಗಿಯಬೇಕು. ಅಲ್ಲಿ ಲೋಡ್ ಲಾರಿಗಳು ನಿಧಾನಕ್ಕೆ ಹತ್ತುತ್ತವೆ. ಹಿಂದೆ ಬಂದವರು ಓವರ್‌ಟೇಕ್‌ಗೆ ಅವಸರ ಮಾಡುತ್ತಾರೆ. ನೀವು ಮಾಡಬೇಡಿ, ಲಾರಿ ಡ್ರೈವರ್ ತಾನೇ ಕೈ ತೋರಿಸುವ ವರೆಗೆ ಹಿಂದೆಯೇ ಇರಿ.

ಎರಡನೇ ರಾತ್ರಿ ಸೊಲ್ಲಾಪುರ, ಸುಮಾರು 300. ದಾರಿಯಲ್ಲಿ ಕೊಲ್ಹಾರ ಸಿಗುತ್ತದೆ. ಕೃಷ್ಣೆಯ ಮೇಲಿನ ಆ ಉದ್ದದ ಸೇತುವೆಯನ್ನು ಅಪ್ಪನಿಗೆ ತೋರಿಸಿ. ಅಲ್ಲಿಯ ಮಡಕೆ ಮೊಸರಿಗೆ ಹೆಸರಿದೆ, ಚಮಚ ಹಾಕಿದರೆ ಗಡ್ಡೆಯಾಗಿ ಏಳುತ್ತದೆ. ಮೂರನೇ ರಾತ್ರಿ ನಾಂದೇಡ್, ನಾಲ್ಕನೇದು ನಾಗಪುರ.

ಐದನೇ ದಿನ ಜಬಲ್ಪುರ, 270 ಕಿ.ಮೀ. ಮಾತ್ರ. ನಾಗಪುರ ಬಿಟ್ಟು ಸಿವನಿ ಕಡೆಗೆ ಹೋಗುವಾಗ ಪೆಂಚ್ ಕಾಡು ಬರುತ್ತದೆ. ಅಲ್ಲಿ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿದ್ದಾರೆ, ಹುಲಿ ಜಿಂಕೆಗಳು ಕೆಳಗಿಂದ ದಾಟಿಕೊಳ್ಳುತ್ತವೆ. ನಾನು ಲಾರಿ ಓಡಿಸುವ ಕಾಲದಲ್ಲಿ ಅದಿರಲಿಲ್ಲ, ಹೆಡ್‌ಲೈಟಿಗೆ ಜಿಂಕೆಗಳು ಹಾಗೇ ನಿಂತುಬಿಡುತ್ತಿದ್ದವು. ಆಮೇಲೆ ಲಖನಾದೌನ್‌ನಲ್ಲಿ ಒಂದು ಎಚ್ಚರ. ಅಲ್ಲಿ 44ನೇ ಹೆದ್ದಾರಿ ಸಾಗರ್, ಝಾನ್ಸಿ ಕಡೆಗೆ ತಿರುಗಿಕೊಳ್ಳುತ್ತದೆ. ನೀವು ಅದನ್ನು ಬಿಟ್ಟು ಜಬಲ್ಪುರದ ಬೋರ್ಡು ಹಿಡಿಯಬೇಕು.

ಆರನೇ ದಿನ ಕಟನಿ, ಮೈಹರ್, ರೀವಾ ದಾಟಿ ಪ್ರಯಾಗರಾಜ್. ರೀವಾ ಆದ ಮೇಲೆ ಸೋಹಾಗಿ ಘಾಟಿಯ ಇಳಿಜಾರು ಇದೆ. ಬ್ರೇಕನ್ನೇ ಒತ್ತಿಕೊಂಡು ಇಳಿಯಬೇಡಿ, ಗೇರ್ ಇಳಿಸಿ. ತ್ರಿವೇಣಿ ಸ್ನಾನ ಮುಗಿಸಿ ಏಳನೇ ದಿನ 125 ಕಿ.ಮೀ. ಹೋದರೆ ಕಾಶಿ. ಒಟ್ಟು ಸುಮಾರು 2,100 ಕಿ.ಮೀ. ಕಾಶಿಯಲ್ಲಿ ಕಾರನ್ನು ಉಳಿಯುವ ಜಾಗದಲ್ಲೇ ಬಿಡಿ. ದೇವಸ್ಥಾನದ ಸುತ್ತಿನ ಗಲ್ಲಿಗಳಿಗೆ ಅದು ಆಗುವ ಹೋಗುವ ಮಾತಲ್ಲ.

ಏಳು ದಿನ ಜಾಸ್ತಿ ಆಯಿತು, ನಾಲ್ಕೇ ದಿನದಲ್ಲಿ ಹೋದವರಿದ್ದಾರೆ ಅಂತ ತಮ್ಮ ಹೇಳಬಹುದು. ಹೋದವರಿದ್ದಾರೆ, ನಿಜ. ಆದರೆ ನಾನು ನನ್ನ ಅಮ್ಮನ ವಿಷಯ ಹೇಳಬೇಕು.

2011ರಲ್ಲಿ ಅಮ್ಮನನ್ನು ಕಾರಿನಲ್ಲಿ ನಾಗಪುರಕ್ಕೆ ಕರೆದುಕೊಂಡು ಹೋದೆ, ತಂಗಿಯ ಮನೆಗೆ. ಹೈದರಾಬಾದಿನಿಂದ ಒಂದೇ ದಿನದಲ್ಲಿ 500 ಕಿ.ಮೀ. ಲಾರಿ ಓಡಿಸಿದವನಿಗೆ ಅದು ಏನೂ ಅಲ್ಲ ಅನ್ನಿಸಿತ್ತು. ದಾರಿಯುದ್ದಕ್ಕೂ ಕೇಳುತ್ತಿದ್ದೆ, ‘ಅಮ್ಮಾ, ನಿಲ್ಲಿಸಬೇಕಾ?’ ‘ಬೇಡ ಮಗಾ, ನೀನು ಓಡ್ಸು’ ಅಂತಲೇ ಉತ್ತರ. ಬೆಳಗ್ಗೆ ತುಂಬಿಸಿಕೊಟ್ಟ ನೀರಿನ ಬಾಟ್ಲಿ ಸಂಜೆ ತಂಗಿಯ ಮನೆಯ ಮೇಜಿನ ಮೇಲಿಟ್ಟಾಗ ಹಾಗೇ ತುಂಬಿತ್ತು. ದಾರಿಯಲ್ಲಿ ಟಾಯ್ಲೆಟ್ ಕೇಳಬೇಕಾಗುತ್ತದೆ, ಮಗನಿಗೆ ತೊಂದರೆ ಅಂತ ಅಮ್ಮ ನೀರೇ ಕುಡಿದಿರಲಿಲ್ಲ. ರಾತ್ರಿ ಚಳಿಜ್ವರ. ಮೂತ್ರದ ಸೋಂಕು ಅಂದರು ಡಾಕ್ಟ್ರು. ನಾಲ್ಕು ದಿನ ಮಲಗಿದಲ್ಲೇ ಇದ್ದರು. ಆ ತುಂಬಿದ ಬಾಟ್ಲಿ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಅದಕ್ಕೇ ನಿಮಗೆ ಕೈ ಮುಗಿದು ಹೇಳುತ್ತೇನೆ, ಅಮ್ಮನನ್ನು ಕೇಳಬೇಡಿ. ಕೇಳಿದರೆ ಬೇಡ ಅಂತಲೇ ಹೇಳುತ್ತಾರೆ. ಎರಡು ಗಂಟೆಗೊಮ್ಮೆ ಸುಮ್ನೆ ನಿಲ್ಲಿಸಿ. ‘ನನಗೆ ಹೋಗಬೇಕು, ಬಾ ಅಮ್ಮಾ’ ಅಂತ ನೀವೇ ಕೆಳಗಿಳಿಯಿರಿ. ನೀವು ಮಗಳು, ನನಗಿಂತ ಚೆನ್ನಾಗಿ ಇದು ನಿಮಗೆ ಆಗುತ್ತದೆ. ದೊಡ್ಡ ಪೆಟ್ರೋಲ್ ಬಂಕುಗಳಲ್ಲಿ ಟಾಯ್ಲೆಟ್ ಇರುತ್ತದೆ. ನೆಲದ ಟಾಯ್ಲೆಟ್ಟಿನಲ್ಲಿ ಕುಳಿತು ಏಳಲು ಮೊಣಕಾಲು ಬಿಡದಿದ್ದರೆ, ಮಡಚುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಡಿಕ್ಕಿಯಲ್ಲಿ ಒಂದು ಸೂಟ್‌ಕೇಸ್ ಕಡಿಮೆ ಮಾಡಿ ಅದನ್ನು ಇಡಿ.

ಇನ್ನು ದಿನ. ಡಿಸೆಂಬರ್ ಕೊನೆ ಬೇಡವೇ ಬೇಡ. ಡಿಸೆಂಬರ್ ಕೊನೆ, ಜನವರಿಯಲ್ಲಿ ರೀವಾದಿಂದ ಮೇಲೆ ಮಂಜು ಬಿದ್ದರೆ ಬಾನೆಟ್ಟಿನ ಆಚೆ ಏನೂ ಕಾಣುವುದಿಲ್ಲ. ನಮ್ಮ ಮಡಿಕೇರಿ ಮಂಜಿನ ಹಾಗೆ ಸರಿದು ಹೋಗುವುದೂ ಇಲ್ಲ. ಬೆಳಗ್ಗೆ 9, 10ರ ವರೆಗೆ ಕೂತೇ ಇರುತ್ತದೆ. ಜನವರಿ, ಫೆಬ್ರವರಿಯಲ್ಲಿ ಪ್ರಯಾಗದಲ್ಲಿ ಮಾಘ ಮೇಳ. ದೊಡ್ಡ ಸ್ನಾನದ ದಿನಗಳಲ್ಲಿ ಗಾಡಿಗಳನ್ನು ಊರಿನ ಹೊರಗೇ ತಡೆಯುತ್ತಾರೆ. ಕಾರ್ತಿಕ ಹುಣ್ಣಿಮೆಯ ಗದ್ದಲ ಕಳೆದ ಮೇಲೆ ಹೊರಟು ಡಿಸೆಂಬರ್ ಮೊದಲ ವಾರದೊಳಗೆ ವಾಪಸ್ ಬನ್ನಿ. ಅದಾಗದಿದ್ದರೆ ಶಿವರಾತ್ರಿ ಮುಗಿದ ಮೇಲೆ. ಮಕ್ಕಳ ಪಾಠ ಸ್ವಲ್ಪ ಹೋಗುತ್ತದೆ, ನನಗೂ ಗೊತ್ತು. ಶಾಲೆಯಲ್ಲಿ ಹೇಳಿ ರಜೆ ಕೇಳಿ, ಇಲ್ಲವೇ ಅವರನ್ನು ಭಾವನ ಮನೆಯಲ್ಲಿ ಬಿಡಿ.

ಫೋನಿನ ಮ್ಯಾಪಿಗೆ ‘ಕಾಶಿ’ ಅಂತ ಹೊಡೆಯಬೇಡಿ. ಹತ್ತು ನಿಮಿಷ ಉಳಿಸಲು ಅದು ಯಾವುದೋ ಹಳ್ಳಿಯ ಒಳದಾರಿಗೆ ನುಗ್ಗಿಸುತ್ತದೆ. ಮುಂದಿನ ದೊಡ್ಡ ಊರಿನ ಹೆಸರು ಮಾತ್ರ ಹಾಕಿ, ಅದು ಮುಟ್ಟಿದ ಮೇಲೆ ಇನ್ನೊಂದು. ಫಾಸ್ಟ್ಯಾಗ್‌ಗೆ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಿಂದ ಬಂದಿದೆ. ಶುರುವಾದಾಗ 3,000 ರೂಪಾಯಿ, ಒಂದು ವರ್ಷ ಅಥವಾ 200 ಟ್ರಿಪ್. ಹೋಗಿ ಬರುವ ನಿಮಗೆ ಅದು ಲಾಭವೇ. ಆದರೆ ರಾಜ್ಯ ಸರಕಾರದ ಟೋಲ್‌ಗಳಲ್ಲಿ ನಡೆಯುವುದಿಲ್ಲ, ಹಾಗಾಗಿ ಫಾಸ್ಟ್ಯಾಗ್‌ನಲ್ಲಿ ದುಡ್ಡೂ ಇರಲಿ. ಹೆದ್ದಾರಿಯಲ್ಲಿ ಏನಾದರೂ ಆದರೆ 1033ಕ್ಕೆ ಫೋನ್ ಮಾಡಿ. ಹೊರಡುವ ಹಿಂದಿನ ದಿನ ಸ್ಟೆಪ್ನಿಗೂ ಗಾಳಿ ನೋಡಿಸಿ.

ವಾಪಸ್ ಬರುವಾಗ ಬೇಕಾದರೆ ತಮ್ಮನ ಹೈದರಾಬಾದ್ ದಾರಿ ಹಿಡಿಯಿರಿ. ಆಗ ಅವನಿಗೂ ಸಮಾಧಾನ, ಅಪ್ಪ ಅಮ್ಮನಿಗೂ ಹೊಸ ಊರುಗಳು.

ಪ್ರಶ್ನೆ: ರಾಮೇಶ್ವರಕ್ಕೆ ಹೋಗಬೇಕು. ನಮ್ಮದು ಹಳೇ ಆಲ್ಟೊ. ಮೈಸೂರು, ಬಂಡೀಪುರ, ಊಟಿ ನೋಡಿಕೊಂಡು ಹೋಗೋಣ ಅಂತಾನೆ ಮಗ. ರಾತ್ರಿ ಹೊರಟರೆ ತಂಪು ಅಲ್ವಾ? (ಮುಳ್ಳೇರಿಯದ ಓದುಗರು)

ಉತ್ತರ: ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ವರೆಗೆ ಬಂದ್. 2009ರಿಂದ ಹೀಗೇ ಇದೆ. ನೀಲಗಿರಿಗೆ ಹೊರಗಿನ ಗಾಡಿಗಳು ಮೊದಲೇ ಇ-ಪಾಸ್ ತೆಗೆದುಕೊಳ್ಳಬೇಕು, 2024ರ ಮೇ ತಿಂಗಳಿಂದ. ಹಳೇ ಗಾಡಿಗೆ ಊಟಿ ಹತ್ತಿ ಇಳಿಯುವ ಶಿಕ್ಷೆ ಯಾಕೆ? ಕಾಸರಗೋಡಿನಿಂದ ತೆಂಕಕ್ಕೆ ಕೋಝಿಕ್ಕೋಡ್, ಪಾಲಕ್ಕಾಡ್, ಪೊಳ್ಳಾಚಿ, ದಿಂಡಿಗಲ್, ಮಧುರೈ, ರಾಮೇಶ್ವರ. ಪಾಲಕ್ಕಾಡಿನಲ್ಲಿ ಘಟ್ಟದ ಸಾಲೇ ತೆರೆದುಕೊಂಡಿದೆ. ಏರದೆ ಇಳಿಯದೆ ಆಚೆ ಬದಿಗೆ ದಾಟುತ್ತೀರಿ. ಊಟಿಯನ್ನು ಮಗನಿಗೆ ಇನ್ನೊಮ್ಮೆ ತೋರಿಸಿ.

ಪ್ರಶ್ನೆ: ಗೆಳೆಯನ ಜೊತೆ ಬೈಕಿನಲ್ಲಿ ಲಡಾಖ್ ಹೋಗುವವನಿದ್ದೇನೆ. ಮನಾಲಿ ಮೇಲೆ ಹೋಗಲಾ, ಶ್ರೀನಗರ ಮೇಲೆ ಹೋಗಲಾ? (ಹೊಸಂಗಡಿಯ ಓದುಗ)

ಉತ್ತರ: ಹೋಗುವಾಗ ಶ್ರೀನಗರ, ಬರುವಾಗ ಮನಾಲಿ. ಶ್ರೀನಗರ, ಕಾರ್ಗಿಲ್ ದಾರಿ ನಿಧಾನಕ್ಕೆ ಎತ್ತರ ಏರುತ್ತದೆ. ಮನಾಲಿ ಕಡೆಯಿಂದ ಹೋದರೆ 5,000 ಮೀಟರಿಗಿಂತ ಎತ್ತರದ ತಂಗ್ಲಾಂಗ್ ಲಾ ಬೇಗ ಎದುರಾಗುತ್ತದೆ. ಸಮುದ್ರ ದಂಡೆಯಲ್ಲಿ ಬೆಳೆದ ನಮ್ಮ ಶ್ವಾಸಕೋಶಕ್ಕೆ ಸಮಯ ಕೊಡಬೇಕು. ತಲೆನೋವು, ವಾಂತಿ ಬಂದರೆ ಮೇಲೆ ಹತ್ತಬೇಡ, ಕೆಳಗಿಳಿ. ಲೇಹ್‌ನಲ್ಲಿ ಎರಡು ದಿನ ಏನೂ ಮಾಡದೆ ಇರು. ಮನಾಲಿ ದಾರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹಾಗಾಗಿ ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಹೋಗಿ ಬಾ. ಜುಲೈಯಲ್ಲಿ ಊರು ಬಿಡುವುದಾದರೆ ಅಂಕೋಲಾದ ಹತ್ತಿರ ಜೋಪಾನ, ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದು ನೆನಪಿದೆಯಲ್ಲ. ಜೋರು ಮಳೆ ಇದ್ದರೆ ಒಂದು ದಿನ ತಡವಾಗಿ ಹೊರಡು.

ಇನ್ನೊಂದು ಮಾತು. ಇಲ್ಲಿಯ ಪ್ರಿಪೇಯ್ಡ್ ಸಿಮ್ ಕಾಶ್ಮೀರ, ಲಡಾಖಿನಲ್ಲಿ ನಡೆಯುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ದಿನಾ ಸಂಜೆ ಯಾವ ಊರಲ್ಲಿದ್ದೀರಿ ಅಂತ ಮನೆಗೆ ಫೋನ್ ಮಾಡಿ ಹೇಳಿ.