ಇಷ್ಟ ಬಂದ ಕಡೆ ಸುತ್ತಾಡಬಹುದಾದ ಓಪನ್ ವರ್ಲ್ಡ್ ವಿಡಿಯೋ ಗೇಮ್‌ಗಳಲ್ಲಿ ಎಲ್ಲಿ ನೋಡಿದರೂ ಟವರ್ ಹತ್ತುವುದೇ ಯಾಕೆ?

ಇದು ಜನಪ್ರಿಯವಾಗಿದ್ದು 2007ರ ಅಸ್ಯಾಸಿನ್ಸ್ ಕ್ರೀಡ್‌ನಿಂದ. ಎತ್ತರದ ಗೋಪುರ ಹತ್ತಿದರೆ ಸುತ್ತಲಿನ ಮ್ಯಾಪ್ ತೆರೆದುಕೊಳ್ಳುತ್ತಿತ್ತು. ಹಳೇ ಡಮಾಸ್ಕಸ್, ಜೆರುಸಲೇಮ್‌ಗಳನ್ನು ಮೇಲಿನಿಂದ ನೋಡುವ ಖುಷಿಯೇ ಬೇರೆ. ಅದೇ ಕಂಪನಿಯ 2012ರ ಫಾರ್ ಕ್ರೈ 3ರಲ್ಲಿ ಅದೇ ರೇಡಿಯೋ ಟವರ್ ಆಯಿತು. ಆಮೇಲೆ ಬೇರೆ ಕಂಪನಿಗಳೂ ಹಿಡಿದುಕೊಂಡವು. ದೊಡ್ಡ ಮ್ಯಾಪನ್ನು ತುಂಡು ತುಂಡಾಗಿ ತೋರಿಸಲು ಇದು ಸುಲಭದ ದಾರಿ, ಅಲ್ವಾ?

ನನಗೆ ಟವರ್‌ಗಿಂತ ಜಾಸ್ತಿ ಬೇಜಾರು ತರಿಸುವುದು ಹತ್ತಿದ ಕೂಡಲೇ ಮ್ಯಾಪ್ ತುಂಬ ಬಂದು ಕೂರುವ, ಎಲ್ಲೆಲ್ಲಿ ಏನಿದೆ ಎಂದು ತೋರಿಸುವ ಐಕಾನ್‌ಗಳು. ಹುಡುಕಲು ಇನ್ನೇನು ಉಳಿಯಿತು? 2017ರ ಬ್ರೆತ್ ಆಫ್ ದಿ ವೈಲ್ಡ್‌ನಲ್ಲೂ ಟವರ್ ಇದೆ. ಆದರೆ ಅಲ್ಲಿ ಸಿಗುವುದು ಬೆಟ್ಟ, ನದಿ, ದಾರಿಗಳ ನಕ್ಷೆ. ಮೇಲೆ ನಿಂತು ದೂರದಲ್ಲಿ ಕಾಣುವ ದೇಗುಲಕ್ಕೆ ನೀವೇ ಗುರುತು ಹಾಕಿಕೊಳ್ಳಬೇಕು.